ಚಂದದ ಉಂಡೆಗಳು

ನವೆಂಬರ್ 16, ಗುರುವಾರ

ಬೆಳಿಗ್ಗೆ ಇನ್‌ಕ್ಯುಬೇಟರಿನ ತಟ್ಟೆಗೆ ನೀರು ಬದಲಿಸಿದೆ. ಕೋಶ ಬೆಳೆಸುವ ನಾಲ್ಕು ಪ್ಲೇಟಿಗೆ ಊಟ ಹಾಕಿದೆ. ಲ್ಯಾಬಿನ ಸಹಾಯಕ ನೌಫಲ್ ದೀಪಾವಳಿ ರಜೆಗೆ ಊರಿಗೆ ಹೋದವನು ಇನ್ನೂ ಬಂದಿಲ್ಲ. ಪಾಲಕ್ಕಾಡ್ ಎಂದರೆ ಇಲ್ಲಿಂದ ಬಸ್ಸಿನಲ್ಲಿ ಒಂದು ನಿದ್ದೆಯ ದೂರ. ಅವನ ಮಾತು ಕೇಳಿದರೆ ಲಂಡನ್ನು.

ಮಧ್ಯಾಹ್ನ ಆಪರೇಷನ್ ಥಿಯೇಟರಿನಿಂದ ಹೊಸ ತುಂಡು ಬಂತು. 41ನೇ ನಂಬರ್. ಶ್ವಾಸಕೋಶದ ಗಡ್ಡೆ. ಐಸ್ ಡಬ್ಬಿಯೊಳಗೆ ಅಕ್ಕಿಕಾಳಿನಷ್ಟು. ಇಷ್ಟರಲ್ಲಿ ಏನು ಮಾಡಲಿ... ಹೆಪ್ಸಿಬಾ ಮೇಡಂ ಫೋನು ಮಾಡಿದರು. ಕ್ಯಾನ್ಸರ್ ವಾರ್ಡಿನ ದೊಡ್ಡ ಡಾಕ್ಟರು, ಸುಮ್ಮಸುಮ್ಮನೆ ಫೋನು ಮಾಡುವವರಲ್ಲ.

"ಪೂಂಗೊಡಿ, ಇದನ್ನ ಹಾಳು ಮಾಡ್ಕೋಬೇಡಿ. ಎರಡು ಔಷಧಿ ಆಗ್ಲೇ ಸೋತಿವೆ. ನಮ್ಮ ಪಟ್ಟಿಯಲ್ಲಿ ಇನ್ನು ಮೂರನೇದು, ಏಳನೇದು, ಇವೆರಡೇ. ಎರಡನ್ನೂ ಕೊಟ್ಟು ನೋಡೋಷ್ಟು ಶಕ್ತಿ ಆ ಮನುಷ್ಯನಿಗಿಲ್ಲ. ಯಾವುದು ಅಂತ ನೀವು ಹೇಳ್ಬೇಕು."

ಕೊಚ್ಚಿದೆ, ಕರಗಿಸಿದೆ, ಸೋಸಿದೆ, ಜೆಲ್ಲಿನಲ್ಲಿ ಕಲಸಿ ಪ್ಲೇಟಿನ ಕುಳಿಗಳಲ್ಲಿ ಹನಿಹನಿಯಾಗಿ ಬಿಟ್ಟೆ. ಚಪ್ಪಟೆ ತಳದ ಮೇಲೆ ಬೆಳೆಸಿದ ಕೋಶ ಸುಳ್ಳು ಹೇಳುತ್ತದೆ. ಜೆಲ್ಲಿನ ಹನಿಯೊಳಗೆ ಉಂಡೆಯಾಗಿ ಬೆಳೆದರೆ ಮೈಯೊಳಗೆ ಇದ್ದ ಹಾಗೆಯೇ ನಡೆದುಕೊಳ್ಳುತ್ತದೆ. ಅಲ್ಲಿ ಸಾಯುವ ಔಷಧಿಗೆ ಇಲ್ಲೂ ಸಾಯುತ್ತದೆ. ಹಾಗೆಂದು ನಂಬಿಯೇ ನನಗೆ ಇಲ್ಲಿ ಸಂಬಳ.

ನವೆಂಬರ್ 21, ಮಂಗಳವಾರ

ತುಂಡು ಯಾರದೆಂದು ನಮಗೆ ಗೊತ್ತಿರಬಾರದು. ನಂಬರ್ ಮಾತ್ರ. ಹೇಳಲಿಕ್ಕೆ ಚೆನ್ನಾಗಿದೆ. ಆದರೆ ಇದು ಕೊಯಮತ್ತೂರು. ನರ್ಸಮ್ಮನಿಗೆ ಬೆಳಿಗ್ಗೆ ಗೊತ್ತಾದದ್ದು ಸಂಜೆಯೊಳಗೆ ಎಳನೀರು ಮಾರುವವನಿಗೂ ಗೊತ್ತು.

ಕ್ಯಾಂಟೀನಿನಲ್ಲಿ ಕೂತಿದ್ದೆ. ಐವತ್ತೈದರ ಹೆಂಗಸು, ಕೈಯಲ್ಲಿ ಟಿಫಿನ್ ಡಬ್ಬಿ, ನೇರ ಬಂದು ಎದುರಿಗೆ ಕೂತಳು.

"ಅಮ್ಮಣಿ, ಮೇಲೆ ಉಂಡೆ ಬೆಳೆಸೋಳು ನೀನೇ ತಾನೆ? ನಮ್ಮೋರದೊಂದು ಚೂರು ನಿನ್ನ ಹತ್ರ ಇದೆಯಂತೆ. ಅದಕ್ಕೆ ಊಟ ಏನು ಹಾಕ್ತೀಯ?"

ಕೆಂಪು ನೀರು, ಅದರಲ್ಲಿ ಸಕ್ಕರೆ, ಇನ್ನೂ ಏನೇನೋ ಅಂದೆ.

"ಸಕ್ಕರೆ ಬೇಡ ಕಣಮ್ಮ. ಅವರಿಗೆ ಶುಗರ್ ಇದೆ."

ನಗು ತಡೆಯಲಾಗಲಿಲ್ಲ. ಹೆಸರು ಮಯಿಲಾತ್ತಾ. ಗಂಡ ಆರುಚ್ಚಾಮಿ ಪಕ್ಕದ ಬೆಂಚಿನಲ್ಲೇ ಇದ್ದರು. ಎಲುಬು ಕಾಣುವ ಮನುಷ್ಯ, ಫೌಂಡ್ರಿಯಲ್ಲಿ ಪಂಪುಗಳ ಎರಕಕ್ಕೆ ಮರಳಿನ ಅಚ್ಚು ಮಾಡುವವರು. ಒಂದು ಬೀಡಿಯೂ ಸೇದಿದವರಲ್ಲ. "ಜೀವಮಾನ ಪೂರ್ತಿ ನಾನು ಅಚ್ಚು ಮಾಡ್ದೆ," ಅಂದರು, "ಈಗ ನೀನು ನನ್ನ ಅಚ್ಚು ಮಾಡ್ತಿದೀಯ. ನೋಡ್ಕೊಂಡು ಮಾಡು ತಾಯಿ, ಮರಳು ಉದುರಿದ್ರೆ ಎರಕ ಕೆಡುತ್ತೆ."

ಹೊರಡುವಾಗ ಮಯಿಲಾತ್ತಾ ಹಿಂದೆಯೇ ಬಂದಳು. ಲಿಫ್ಟಿನ ಬಳಿ ದನಿ ತಗ್ಗಿಸಿದಳು. "ಒಂದು ಮಾತು ಹೇಳು. ಅಲ್ಲಿರೋದು ರೋಗಾನಾ, ಅವರಾ?"

"ರೋಗ ಅಮ್ಮ. ಅವರಲ್ಲ."

"ಹಾಗಾದ್ರೆ ಒಂದ್ಸಲ ತೋರಿಸು. ನಾಲ್ಕು ಮಾತು ಬೈಬೇಕು ಅದಕ್ಕೆ."

ನವೆಂಬರ್ 27, ಸೋಮವಾರ

ಬೆಳೆಯುತ್ತಿವೆ! ರಾಗಿಕಾಳಿಗಿಂತ ಸಣ್ಣವು, ಆದರೆ ಬೆಳೆಯುತ್ತಿವೆ. ಎರಡು ಜಾತಿ. ಒಂದು ಜಾತಿ ದುಂಡಗೆ, ತಿಳಿಯಾಗಿ, ಒಳಗೆ ಟೊಳ್ಳು, ಅಂಚು ಕೊರೆದಿಟ್ಟ ಹಾಗೆ. ದಿನಕ್ಕೊಂದು ಸುತ್ತು ದಪ್ಪವಾಗುತ್ತಿವೆ. ಗಡ್ಡೆ ಎಂದರೆ ಇವೇ. ಇನ್ನೊಂದು ಜಾತಿ ಕಪ್ಪಗೆ, ಮುದ್ದೆಮುದ್ದೆ, ಅಂಚೇ ಇಲ್ಲ. ಸೀದುಹೋದ ಪಕೋಡ. ಮೂಲೆಯಲ್ಲಿ ಮುದುರಿಕೊಂಡಿವೆ. ಸಾಯುತ್ತಿರಬೇಕು.

ಸೋಸುವ ಔಷಧಿ ಒಂದಿದೆ. ಹಾಕಿದರೆ ಗಡ್ಡೆಯ ಜೊತೆ ಬಂದ ಒಳ್ಳೆಯ ಕೋಶಗಳು ಸತ್ತು ಕೆಟ್ಟವು ಮಾತ್ರ ಉಳಿಯುತ್ತವೆ. ನಿಯಮದ ಪ್ರಕಾರ ಹಾಕಬೇಕು. ಆದರೆ ಇರುವುದೇ ಇಷ್ಟು. ಹಾಕಿ ಎಲ್ಲವೂ ಹೋದರೆ? ಇನ್ನೊಂದು ತುಂಡು ಕೊಡಲು ಆರುಚ್ಚಾಮಿಯವರನ್ನು ಮತ್ತೆ ಕೊಯ್ಯಲಾಗದು. ಅರಸು ಸಾರ್ (ಪೂರ್ತಿ ಹೆಸರು ತಿರುನಾವುಕ್ಕರಸು, ಲ್ಯಾಬಿಗೆ ಅವರೇ ದೊರೆ, ಹೆಸರು ಸುಮ್ಮನೆ ಬಂದಿಲ್ಲ) ಯೋಚಿಸಿ ಹೇಳಿದರು: "ನಿಮ್ಮ ಕಣ್ಣಿನ ಮೇಲೆ ನಂಗೆ ನಂಬಿಕೆ ಇದೆ. ಗಡ್ಡೆಯದೇ ಅಂತ ಖಾತ್ರಿ ಮಾಡೋ ಜೀನ್ ಟೆಸ್ಟಿಗೆ ಆಮೇಲೆ ಕಳಿಸೋಣ. ಮೊದಲು ಬೆಳೀಲಿ."

ಹಾಕಲಿಲ್ಲ. ಕಣ್ಣು ಸಾಕು.

ಡಿಸೆಂಬರ್ 4, ಸೋಮವಾರ

ಇಡೀ ದಿನ ಆರಿಸಿದೆ. ಮೈಕ್ರೋಸ್ಕೋಪಿನ ಕೆಳಗೆ, ಸಣ್ಣ ಪಿಪೆಟ್ಟಿನಲ್ಲಿ, ಒಂದೊಂದಾಗಿ. ದುಂಡಗಿನವನ್ನು ಹೊಸ ಪ್ಲೇಟಿಗೆ. ಕತ್ತು ಹಿಡಿದಿದೆ. ಕೈ ಒಮ್ಮೆಯೂ ನಡುಗಲಿಲ್ಲ. ಅಮ್ಮ ಯಾವಾಗಲೂ ಹೇಳುತ್ತಾಳೆ, ರಂಗೋಲಿಯ ಚುಕ್ಕಿ ಒಂದು ಎಳೆ ಜರುಗಿದರೂ ಮೊದಲು ಕಾಣುವುದು ನಿನಗೇ ಎಂದು. ಆ ಕಣ್ಣು ಇವತ್ತು ಸಂಬಳ ಸಂಪಾದಿಸಿತು.

ನೌಫಲ್ ಕಪ್ಪು ಮುದ್ದೆಗಳ ಪ್ಲೇಟು ಹಿಡಿದು ನಿಂತಿದ್ದ. "ಇವನ್ನೇನು ಮಾಡ್ಲಿ ಅಕ್ಕ?"

"ಎಸಿ."

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಇವೂ ನೀವೇ ಬೆಳೆಸಿದ್ದಲ್ವಾ?"

"ನಾನು ಹೆತ್ತಿಲ್ಲ. ಎಸಿ ಅಂದೆ."

ಆಮೇಲೆ ನನ್ನ ಪ್ಲೇಟು ನೋಡಿ ಶಿಳ್ಳೆ ಹಾಕಿದ. "ಅಬ್ಬ. ಮುತ್ತಿನ ಸರ. ದೃಷ್ಟಿಬೊಟ್ಟು ಇಡಿ ಅಕ್ಕ, ಪಕ್ಕದ ಲ್ಯಾಬಿನೋರ ಕಣ್ಣು ಬೀಳುತ್ತೆ." ತಮಾಷೆಗೆ ಮಾರ್ಕರ್ ತೆಗೆದು ಪ್ಲೇಟಿನ ಅಡಿಯಲ್ಲಿ, ಎಲ್ಲಕ್ಕಿಂತ ಚಂದದ ಉಂಡೆಯಿದ್ದ ಕುಳಿಯ ಕೆಳಗೆ, ಒಂದು ಕಪ್ಪು ಚುಕ್ಕಿ ಇಟ್ಟೆ. ಮಗುವಿನ ಕೆನ್ನೆಗೆ ಇಡುವ ಹಾಗೆ.

ಡಿಸೆಂಬರ್ 15, ಶುಕ್ರವಾರ

ಮಾಡಬಾರದ ಕೆಲಸ ಮಾಡಿದೆ. ಅರಸು ಸಾರ್ ಚೆನ್ನೈಗೆ ಹೋಗಿದ್ದಾರೆ. ಮಯಿಲಾತ್ತಾ ಮೂರು ವಾರದಿಂದ ಲಿಫ್ಟಿನ ಬಳಿ ಕಾಯುತ್ತಾಳೆ. ಪ್ರತಿಸಲವೂ ಒಂದೇ ಪ್ರಶ್ನೆ: "ಅದು ಹೇಗಿದೆ, ಕೊಬ್ಬಿದೆಯಾ?" ಇವತ್ತು ಒತ್ತುಶಾವಿಗೆ, ಕಾಯಿಹಾಲು ತಂದಿದ್ದಳು. ತಿಂದ ಮೇಲೆ ಇಲ್ಲವೆನ್ನುವುದು ಹೇಗೆ. ಕೋಟು, ಟೋಪಿ, ಕಾಲಿಗೆ ಚೀಲ ಹಾಕಿಸಿ ಕರೆದುಕೊಂಡು ಬಂದೆ. ಚುಕ್ಕಿ ಇಟ್ಟ ಕುಳಿಯನ್ನೇ ತೋರಿಸಿದೆ. ಹೆಮ್ಮೆ, ಮತ್ತೇನು.

ಬಾಗಿ ನೋಡಿದಳು. ಆಮೇಲೆ ಶುರುಮಾಡಿದಳು. ದನಿ ಏರಿಸಲಿಲ್ಲ. ಪಕ್ಕದ ಮನೆಗೆ ಕೇಳಿಸಬಾರದು ಎನ್ನುವ ಹಾಗೆ, ಹಲ್ಲುಕಚ್ಚಿ.

"ಥೂ ಮುಂಡೇದೆ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ. ಅವರ ರಕ್ತ ಕುಡ್ದು, ಅವರ ಉಸಿರು ತಿಂದು, ಇಲ್ಲಿ ಬಂದು ತಣ್ಣಗೆ ದುಂಡಗೆ ಕೂತಿದೀಯ. ನಿನ್ನ ಬಾಯಿಗೆ ಮಣ್ಣು ಬೀಳ. ನಿನ್ನ ವಂಶ ಹಾಳಾಗ. ಸೋಮವಾರ ಈ ಅಮ್ಮಣಿ ಔಷಧಿ ಹಾಕ್ತಾಳೆ. ಒಂದೂ ಉಳೀದ ಹಾಗೆ ಸಾಯಿ. ಕೇಳಿಸ್ತಾ?"

ನೌಫಲ್ ಬಾಗಿಲ ಬಳಿ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ನನಗೂ ನಗು ಬಂತು. ಆಕೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ಅದೇ ಸೆರಗಿನಿಂದ ಮೈಕ್ರೋಸ್ಕೋಪನ್ನೂ ಒರೆಸಿದಳು. "ಈಗ ಮನಸ್ಸು ಹಗುರಾಯ್ತು," ಅಂದಳು.

ಡಿಸೆಂಬರ್ 23, ಶನಿವಾರ

ಉತ್ತರ ಸಿಕ್ಕಿತು. ಮೂರನೇ ಔಷಧಿಗೆ ಉಂಡೆಗಳು ಜಗ್ಗಲಿಲ್ಲ. ಏಳನೆಯದಕ್ಕೆ ಎಲ್ಲವೂ ಹೋದವು. ಕಡಿಮೆ ಪ್ರಮಾಣಕ್ಕೇ ಹೋದವು. ಅಂಚು ಕಳಚಿ, ಒಳಗೆ ಕುಸಿದು, ಬೂದಿ. ಅರಸು ಸಾರ್ ಲ್ಯಾಬಿಗೆಲ್ಲ ಕಾಫಿ ತರಿಸಿದರು. ಹೆಪ್ಸಿಬಾ ಮೇಡಂ ಫೋನಿನಲ್ಲಿ, "ಕ್ರಿಸ್‌ಮಸ್‌ಗೆ ಒಳ್ಳೆ ಉಡುಗೊರೆ ಕೊಟ್ರಿ," ಅಂದರು.

ಸಂಜೆ ಪ್ಲೇಟು ತೊಳೆಯುವಾಗ ಒಂದು ಯೋಚನೆ. ಇಷ್ಟು ಸಲೀಸಾಗಿ ಸಾಯುವ ಗಡ್ಡೆ ಅಲ್ಲಿ ಎರಡು ಔಷಧಿಯನ್ನು ಹೇಗೆ ಸೋಲಿಸಿತು? ನೌಫಲ್‌ಗೆ ಹೇಳಿದೆ. "ಗೆದ್ರೂ ಅಳ್ತೀರಲ್ಲ ಅಕ್ಕ ನೀವು," ಅಂದ. ನಿಜ. ಬಿಟ್ಟೆ.

ಚುಕ್ಕಿ ಇಟ್ಟ ಪ್ಲೇಟಿನಲ್ಲಿ ಪರೀಕ್ಷೆಗೆ ಬೇಕಾಗದ ಕೆಲವು ಉಂಡೆ ಉಳಿದಿವೆ. ಎಸೆಯಲು ಮನಸ್ಸಾಗಲಿಲ್ಲ. ಒಳಗೆ ಇಟ್ಟೆ.

ಡಿಸೆಂಬರ್ 29, ಶುಕ್ರವಾರ

ಮಂಗಳವಾರದಿಂದ ಏಳನೇ ಔಷಧಿ ಶುರುವಾಗಿದೆ. ಮಾತ್ರೆ. ದಿನಕ್ಕೊಂದು, ಮನೆಯಲ್ಲೇ. ಆರುಚ್ಚಾಮಿ ಬಸ್ ನಿಲ್ದಾಣದವರೆಗೆ ನಡೆದುಕೊಂಡು ಹೋದರಂತೆ. ಮಯಿಲಾತ್ತಾ ಹೇಳುವಾಗ ಆಕೆಯೇ ನಡೆದು ಬಂದವಳಂತೆ ಏದುಸಿರು ಬಿಡುತ್ತಿದ್ದಳು.

ಜನವರಿ 9, ಮಂಗಳವಾರ

ಮಯಿಲಾತ್ತಾ ಸಿಕ್ಕಿದಳು. "ಕೆಮ್ಮು ಜಾಸ್ತಿಯಾಗಿದೆ ಅಮ್ಮಣಿ. ಒಣ ಕೆಮ್ಮು. ಒಳಗೆ ಇರೋದೆಲ್ಲ ಸತ್ತು ಹೊರಗೆ ಬರ್ತಿದೆ, ಅಲ್ವಾ?"

ಡಾಕ್ಟರಿಗೆ ಹೇಳಿ ಅಂದೆ. "ಹೇಳಿದೀನಿ. ಚಳಿಗೆ ಇರಬಹುದು, ನೋಡೋಣ ಅಂದ್ರು." ಚಳಿಯೇನೋ ಇದೆ. ಪಾಲಕ್ಕಾಡಿನ ಕಣಿವೆಯಿಂದ ಬರುವ ಗಾಳಿಗೆ ನನಗೂ ಬೆಳಿಗ್ಗೆ ಕೆಮ್ಮು.

ಆದರೂ ಒಣ ಕೆಮ್ಮು ಅಂದದ್ದು ಮನಸ್ಸಿನಲ್ಲೇ ಕೂತಿದೆ.

ಜನವರಿ 13, ಶನಿವಾರ

ಪೊಂಗಲ್ ರಜೆ. ಪ್ಲೇಟುಗಳಿಗೆಲ್ಲ ಹೊಟ್ಟೆತುಂಬ ಊಟ ಹಾಕಿದೆ. ಮಯಿಲಾತ್ತಾ ಬೇವಿನೆಲೆ, ಆವರಿಕೆ ಹೂ ಸೇರಿಸಿ ಕಟ್ಟಿದ ಗೊಂಚಲು ಕೊಟ್ಟುಹೋಗಿದ್ದಾಳೆ. ಹಬ್ಬದ ಹಿಂದಿನ ದಿನ ಬಾಗಿಲಿಗೆ ಕಟ್ಟುವುದು, ರೋಗ ಒಳಗೆ ಬರದ ಹಾಗೆ. "ನಿನ್ನ ಉಂಡೆ ಪೆಟ್ಟಿಗೆಗೆ ಕಟ್ಟು, ಅದು ಹೊರಗೆ ಬರದ ಹಾಗೆ," ಅಂದಳಂತೆ. ನೌಫಲ್ ಇನ್‌ಕ್ಯುಬೇಟರಿನ ಹಿಡಿಗೆ ಕಟ್ಟಿಯೇಬಿಟ್ಟ.

ಜನವರಿ 19, ಶುಕ್ರವಾರ. ಬೆಳಿಗ್ಗೆ 9.10

ಉಂಡೆ ತಿರುಗುತ್ತಿದೆ.

ಚುಕ್ಕಿ ಇಟ್ಟ ಕುಳಿಯಲ್ಲಿ. ಮೊದಲು ಮೇಜು ಅಲುಗುತ್ತಿದೆ ಅಂದುಕೊಂಡೆ. ಅಲ್ಲ. ಒಳಗಿನ ಟೊಳ್ಳಿನಲ್ಲಿ ಕಸ ಗಿರಗಿರ ಸುತ್ತುತ್ತಿದೆ, ಉಂಡೆಯೇ ಜೆಲ್ಲಿನಲ್ಲಿ ಮೆಲ್ಲಗೆ ಹೊರಳುತ್ತಿದೆ. ಎಷ್ಟು ಚಂದ! ನೌಫಲ್‌ನನ್ನು ಕೂಗಿದೆ. ಅವನು ನೋಡಿ, "ಅಯ್ಯೋ, ಬುಗುರಿ," ಅಂದು ನಕ್ಕ. ನಾನೂ ನಕ್ಕೆ.

ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿದೆವು.

11.30

ಪುಸ್ತಕ ತೆಗೆದುಕೊಂಡು ಮೂಲೆಗೆ ಬಂದೆ. ಬರೆದರೆ ಸರಿಹೋಗಬಹುದು.

ಒಳಗೆ ಸುತ್ತಿಸುವುದು ಕೂದಲು. ಉಸಿರಿನ ಕೊಳವೆಯ ಒಳಗೋಡೆಯಲ್ಲಿ ಇರುವ ಸಣ್ಣ ಕೂದಲು, ನಾವು ಎಳೆದುಕೊಂಡ ಧೂಳನ್ನು ಮೇಲಕ್ಕೆ ತಳ್ಳುವುದು ಅದರ ಕೆಲಸ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಆರೋಗ್ಯವಂತ ಕೋಶಗಳಿಗೆ ಅದು ಮೂಡುತ್ತದೆ. ಇವರ ಗಡ್ಡೆಯ ಕೋಶಕ್ಕೆ ಮೂಡುವುದಿಲ್ಲ. ಅದಕ್ಕೆ ಧೂಳು ತೆಗೆಯುವ ವ್ಯವಧಾನ ಎಲ್ಲಿ.

ಉಳಿದ ಕುಳಿಗಳನ್ನೂ ನೋಡಿದೆ. ಎಲ್ಲದರಲ್ಲೂ ತಿರುಗುತ್ತಿವೆ.

ನಾನು ಆರಿಸಿದ್ದೆಲ್ಲ ಒಳ್ಳೆಯ ಕೋಶ. ಆರುಚ್ಚಾಮಿಯವರ ಒಳ್ಳೆಯ ಶ್ವಾಸಕೋಶ. ಎಸಿ ಅಂದದ್ದು ಗಡ್ಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಳೆಯ ಮಕ್ಕಳಿಗೂ ಗೊತ್ತು. ಏಳನೇ ಔಷಧಿ ಕೊಂದದ್ದು ರೋಗವನ್ನಲ್ಲ. ಅವರನ್ನು. ಅದನ್ನೇ ಅವರು ದಿನಾ ನುಂಗುತ್ತಿದ್ದಾರೆ.

ಮಯಿಲಾತ್ತಾ ಅವತ್ತು ಬೈದದ್ದು ಯಾರಿಗೆ...

ಸಂಜೆ

ಅರಸು ಸಾರ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಲು ತುಂಬ ಹೊತ್ತು ತೆಗೆದುಕೊಂಡರು.

"ಕೆಲವು ಒಳ್ಳೆ ಕೋಶ ಸೇರ್ಕೊಂಡಿರಬಹುದು. ಪರೀಕ್ಷೆ ಮಾಡಿದವು ಬೇರೆ, ಇವು ಬೇರೆ."

"ಒಂದೇ ಪ್ಲೇಟು ಸಾರ್. ನಾನೇ ಆರಿಸಿದ್ದು."

"ಜೀನ್ ಟೆಸ್ಟಿಗೆ ಇವತ್ತೇ ಕಳಿಸಿ. ಬುಧವಾರ ರಿಪೋರ್ಟು ಬರುತ್ತೆ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

"ಅಲ್ಲೀವರೆಗೆ ಮಾತ್ರೆ ನುಂಗ್ತಾನೇ ಇರ್ತಾರೆ ಸಾರ್."

"ನಾವು ತಪ್ಪಾಗಿ ಹೆದರಿ ನಿಲ್ಲಿಸಿ, ಆ ಮಾತ್ರೆ ನಿಜವಾಗ್ಲೂ ಕೆಲಸ ಮಾಡ್ತಿದ್ರೆ? ಅವರಿಗೆ ಉಳಿದಿರೋದು ಇದೊಂದೇ ಪೂಂಗೊಡಿ. ಊಹೆಯ ಮೇಲೆ ಅದನ್ನ ಕಿತ್ಕೊಳ್ತೀರಾ?"

ಕೆಟ್ಟ ಮನುಷ್ಯನಲ್ಲ. ಅವರ ಮುಖವೂ ಬಿಳಿಚಿತ್ತು. ಆದರೆ ಅವರಿಗಿರುವ ಅನುಮಾನ ನನಗಿಲ್ಲ.

ನೌಫಲ್ ಬಾಗಿಲ ಹತ್ತಿರ ತಡೆದ. "ಅಕ್ಕ, ಅವತ್ತು ಆ ಕಪ್ಪು ಮುದ್ದೆ... ಎಸೀಲಿಲ್ಲ. ಪಾಪ ಅನ್ನಿಸ್ತು. ಫ್ರೀಜ್ ಮಾಡಿದೀನಿ." ಅವನ ತಲೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟೆ.

ಜನವರಿ 22, ಸೋಮವಾರ

ಶನಿವಾರ ಬರೆಯಲಿಲ್ಲ. ಭಾನುವಾರವೂ. ಬರೆಯಬೇಕಾದದ್ದು ಇದು:

ಶನಿವಾರ ಮಯಿಲಾತ್ತಾ ಔಷಧಿ ಅಂಗಡಿಯ ಸಾಲಿನಲ್ಲಿದ್ದಳು. "ಮುಂದಿನ ತಿಂಗಳಿಂದು ಈಗ್ಲೇ ತಗೊಂಡ್ಬಿಟ್ಟೆ," ಎಂದು ಮಾತ್ರೆಯ ಡಬ್ಬಿ ತೋರಿಸಿದಳು. "ಎರಡು ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ ಅಂತಾರೆ. ನಾನೂ ಬಿಡಲ್ಲ, ಅತ್ತು ಕರೆದು ನುಂಗಿಸ್ತೀನಿ. ನಿನ್ನ ಉಂಡೆ ಸತ್ತಿದ್ದು ನಾನೇ ಕೇಳಿದೀನಲ್ಲ, ಇದೂ ಸಾಯುತ್ತೆ."

ಬಾಯಿ ತೆರೆದೆ. ಮುಚ್ಚಿದೆ. ಬುಧವಾರ, ಬುಧವಾರ ಎಂದು ಜಪ ಮಾಡುತ್ತಾ ಮನೆಗೆ ಹೋದೆ. ಅಮ್ಮ ಬಾಗಿಲಲ್ಲಿ ರಂಗೋಲಿ ತೋರಿಸಿ, ಚುಕ್ಕಿ ಸರಿಯಿದೆಯಾ ನೋಡು ಅಂದಳು. ತುಳಿದುಕೊಂಡು ಒಳಗೆ ಹೋದೆ.

ಇವತ್ತು ಬೆಳಿಗ್ಗೆ ಬ್ಯಾಗು ಇಡುವ ಮೊದಲೇ ಹೆಪ್ಸಿಬಾ ಮೇಡಂ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಫೋನೆತ್ತಿ ವಾರ್ಡಿಗೆ, "ಆರುಚ್ಚಾಮಿ, ಮಾತ್ರೆ ನಿಲ್ಸಿ. ಈಗ್ಲೇ," ಅಂದರು. ವಾರ್ಡಿಗೆ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

"ನಿನ್ನೆ ಅಡ್ಮಿಟ್ ಆದ್ರು. ಗೊತ್ತಿರ್ಲಿಲ್ವಾ?"

ಸ್ಕ್ಯಾನ್ ತೋರಿಸಿದರು. ಕಪ್ಪಗಿರಬೇಕಾದ ಎರಡೂ ಶ್ವಾಸಕೋಶ ಬೆಳ್ಳಗೆ, ಹೊಗೆ ತುಂಬಿದ ಅಡುಗೆಮನೆಯ ಹಾಗೆ. "ಸೋಂಕು ಅಂದ್ಕೊಂಡಿದ್ದೆ, ಮಾತ್ರೆಯಿಂದ ಅಂತ ಹೊಳೀಲಿಲ್ಲ," ಅಂದರು. "ಶುಕ್ರವಾರ ಹೇಳಿದ್ರೆ ಸ್ಟಿರಾಯ್ಡ್ ಶುಕ್ರವಾರಾನೇ ಶುರು ಮಾಡ್ತಿದ್ದೆ ಪೂಂಗೊಡಿ." ಅಷ್ಟೇ ಅಂದದ್ದು. ಸಾಕು.

ಜನವರಿ 24, ಬುಧವಾರ

ರಿಪೋರ್ಟು ಬಂತು. ಗಡ್ಡೆಯಲ್ಲಿರುವ ಜೀನಿನ ದೋಷ ನನ್ನ ಉಂಡೆಗಳಲ್ಲಿ ಇಲ್ಲ. ಒಂದರಲ್ಲೂ ಇಲ್ಲ. ಅರಸು ಸಾರ್ ಓದಿ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ ಕೂತರು.

"ಮನೆಯೋರಿಗೆ ಮೇಡಂ ಔಷಧಿಯ ಅಡ್ಡಪರಿಣಾಮ ಅಂತ ಹೇಳಿದಾರೆ. ಅದು ಸುಳ್ಳೇನಲ್ಲ. ಅದರ ಮೇಲೆ ನೀವೊಂದು ಮಾತೂ ಸೇರಿಸ್ಬೇಡಿ. ಆಸ್ಪತ್ರೆಯ ತನಿಖೆ ಕಮಿಟಿ ಕೂರಲಿ, ಆಮೇಲೆ ನಾನೇ ಹೇಳ್ತೀನಿ."

ಫ್ರೀಜ್ ಮಾಡಿದ ಕಪ್ಪು ಮುದ್ದೆಗಳನ್ನು ಶುಕ್ರವಾರವೇ ಕರಗಿಸಿದ್ದೆವು. ಬಹಳಷ್ಟು ಸತ್ತಿವೆ. ಒಂದು ಮೂಲೆಯಲ್ಲಿ ಒಂದು ಮುದ್ದೆ ಹಿಗ್ಗುತ್ತಿದೆ. ನೋಡಿದರೆ ಈಗಲೂ ಕಣ್ಣು ಬೇಡವೆನ್ನುತ್ತದೆ. ಬೆಳೆದರೆ ಮೂರನೇ ಔಷಧಿ ಹಾಕಿ ನೋಡಬೇಕು. ಮೂರು ವಾರವಾದರೂ ಬೇಕು. ಅಷ್ಟು ದಿನ ಅವರಿಗೆ ಇದೆಯೇ ಎಂದು ಮೇಡಂ ಅವರನ್ನು ಕೇಳಲು ಧೈರ್ಯವಾಗಲಿಲ್ಲ.

ಜನವರಿ 30, ಮಂಗಳವಾರ. ಮಧ್ಯಾಹ್ನ

ಮಯಿಲಾತ್ತಾ ಬಂದಿದ್ದಳು. ತಾನೇ ಬಂದಳು. ಲಿಫ್ಟಿನ ಬಳಿ ಕಾಯಲಿಲ್ಲ, ಕೋಟು ಕೇಳಿ ಹಾಕಿಕೊಂಡಳು. ಆರುಚ್ಚಾಮಿ ಐಸಿಯುನಲ್ಲಿ, ಮೂಗಿಗೆ ಆಕ್ಸಿಜನ್ ಮಾಸ್ಕು. ಮಾತಿಲ್ಲ, ಕೈಸನ್ನೆ ಮಾತ್ರ.

"ಆ ಹಾಳಾದ್ದು ಒಂದಾದ್ರೂ ಉಳಿದಿದೆಯಾ? ತೋರಿಸು."

ಇಲ್ಲ ಅನ್ನಬಹುದಿತ್ತು. ಪ್ಲೇಟು ತಂದಿಟ್ಟೆ. ಬಾಗಿ ನೋಡಿದಳು.

"ಅವತ್ತಿನದೇನಾ ಇದು? ನಾನು ಬೈದಿದ್ದು?"

"ಹೂಂ."

"ಸುತ್ತುತಾ ಇದೆ. ನೋಡು, ಒಂದು ಚೂರು ಸುಸ್ತಿಲ್ಲ ಇದಕ್ಕೆ. ಅಲ್ಲಿ ಅವರು ಒಂದು ಉಸಿರಿಗೆ ಮೀನಿನ ಹಾಗೆ ಒದ್ದಾಡ್ತಿದಾರೆ." ಕಣ್ಣು ತೆಗೆಯಲಿಲ್ಲ. ಮೇಜಿನ ಅಂಚು ಬಿಗಿಯಾಗಿ ಹಿಡಿದಳು. "ಅವತ್ತು ಸಾಲಲಿಲ್ಲ ಅಂತ ಕಾಣುತ್ತೆ. ಇನ್ನೊಂದ್ಸಲ ಬೈತೀನಿ."

"ಬೇಡಮ್ಮ."

"ಯಾಕೆ ಬೇಡ?"

ಗಾಜಿನ ಬಾಗಿಲಾಚೆ ಅರಸು ಸಾರ್ ನಿಂತಿದ್ದರು. ತಲೆ ಅಲ್ಲಾಡಿಸಿದರು, ಬೇಡ ಎಂದು. ನೋಡಿದೆ. ನೋಡಿಯೂ ಹೇಳಿದೆ.

"ನಾನು ತಪ್ಪು ಹೇಳಿದ್ದೆ ಅಮ್ಮ. ಇದು ರೋಗ ಅಲ್ಲ. ನಾನು ಆರಿಸುವಾಗ ತಪ್ಪಿದೆ. ಇದು ಅವರೇ. ಅವರ ಒಳ್ಳೆ ಭಾಗ. ನಾವು ಆ ಮಾತ್ರೆ ಕೊಟ್ಟು ಸಾಯಿಸಿದ್ದು ಇದನ್ನೇ, ಇಲ್ಲೂ, ಅಲ್ಲೂ."

ಅರ್ಥವಾಗಲಿಲ್ಲವೇನೋ ಅಂದುಕೊಂಡೆ. ಹೊಡೆಯುತ್ತಾಳೇನೋ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಮುಖವನ್ನೇ ನೋಡಿದಳು. ಆಮೇಲೆ ಮತ್ತೆ ಬಾಗಿ, ಕಣ್ಣಿಟ್ಟು, ಟೋಪಿಯೊಳಗೆ ಕೂದಲು ಸರಿಮಾಡಿಕೊಂಡು, ಮೆಲ್ಲಗೆ—ನನಗಲ್ಲ, ಅದಕ್ಕೆ—

"ರೀ," ಅಂದಳು. "ಅವತ್ತು ನಾನು... ಗೊತ್ತಾಗ್ಲಿಲ್ಲ ರೀ. ನಿಮಗೆ ಅಂತ ಗೊತ್ತಾಗ್ಲಿಲ್ಲ."

ಅದು ಸುತ್ತುತ್ತಲೇ ಇತ್ತು. ಆಕೆ ಈಗಲೂ ಅಲ್ಲೇ ಕೂತಿದ್ದಾಳೆ. ಏಳಿ ಎಂದು ಹೇಳಲು ನನಗೆ ಬಾಯಿಲ್ಲ, ಪಕ್ಕದ ಮೇಜಿಗೆ ಬಂದು ಬರೆಯುತ್ತಿದ್ದೇನೆ. ಫೋನು ಬಡಿದುಕೊಳ್ಳುತ್ತಿದೆ. ಐಸಿಯು ನಂಬರ್. ನೌಫಲ್ ಎತ್ತಿದ. ನನ್ನ ಕಡೆ ನೋಡುತ್ತಿದ್ದಾನೆ, ಆಕೆಯ ಕಡೆ ನೋಡುತ್ತಿಲ್ಲ. ನಾನೇ ಹೋಗಿ ಆಕೆಯ ಹೆಗಲ ಮೇಲೆ ಕೈಯಿಡಬೇಕು.